ಎಂಜಿನ್ ಸುಟ್ಟವಳು

ರಾಕ್ಸ್‌ಬರೋ ಕಣಿವೆಯಲ್ಲಿ ರೇವಿನ್ ಹಿಬ್ಸ್ ಯಾರೆಂದು ಕೇಳಿದರೆ ತಲೆ ಕೆರೆದುಕೊಳ್ಳುವವರೂ ‘ಎಂಜಿನ್ ಸುಟ್ಟವಳು’ ಎಂದರೆ ಥಟ್ಟನೆ ಅವಳ ಮನೆಯ ದಾರಿ ತೋರಿಸುತ್ತಿದ್ದರು. ಕ್ಲೂಥಾ ನದಿಯ ಎರಡೂ ದಂಡೆಯ ಹಣ್ಣಿನ ತೋಟದವರು, ಮೇಲಿನ ಬೋಳುಗುಡ್ಡಗಳಲ್ಲಿ ಕುರಿ ಸಾಕಿದವರು, ಅಂಚೆಯವನು, ಹೋಟೆಲಿನ ಬಾರಿನಲ್ಲಿ ಬಿಯರ್ ಹಿಡಿದು ಕೊಡುವವಳು, ಎಲ್ಲರ ಬಾಯಲ್ಲೂ ಆ ಹೆಸರು. ಅವಳು ಎಂಜಿನ್ ಸುಟ್ಟಿರಲಿಲ್ಲ. ಆದರೆ ತಾನು ಸುಟ್ಟಿಲ್ಲವೆಂಬುದು ಅವಳಿಗೇ ಗೊತ್ತಾಗದೆ ಹತ್ತು ವರ್ಷ ಕಳೆದುಹೋಯಿತು.

ಅವಳ ಅಪ್ಪ ಅಥಲ್ ಹಿಬ್ಸ್ ಆ ಕಣಿವೆಗೆ ಮೊದಲ ಟರ್ಬೈನ್ ಹೆಲಿಕಾಪ್ಟರ್ ತಂದವನು. ಬೆಟ್ಟದ ಜಿಂಕೆಗಳನ್ನು ಆಕಾಶದಿಂದಲೇ ಹೊಡೆದು, ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿ, ಜರ್ಮನಿಗೆ ರಫ್ತಾಗುವ ಮಾಂಸದ ಲಾರಿಗೆ ತುಂಬುತ್ತಿದ್ದ ಕಾಲ ಅದು. ಹಳೆಯ ಪಿಸ್ಟನ್ ಎಂಜಿನ್ನಿನ ಹೆಲಿಕಾಪ್ಟರುಗಳು ಗುಡ್ಡದ ನೆತ್ತಿ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿದ್ದವು. ಟರ್ಬೈನ್ ಹಾಗಲ್ಲ. ಗಾತ್ರದಲ್ಲಿ ಒಂದು ಪೀಪಾಯಿಯಷ್ಟೂ ಇಲ್ಲದ ಆ ಎಂಜಿನ್, ಎರಡು ಜಿಂಕೆಗಳ ಜೊತೆ ಒಬ್ಬ ಬೇಟೆಗಾರನನ್ನೂ ಹೊತ್ತು ಹಿಮದ ಗೆರೆ ದಾಟಿ ಏರುತ್ತಿತ್ತು. ಅಥಲ್ ತನ್ನ ಜಮೀನು ಮಾರಿ ಅದನ್ನು ಕೊಂಡಿದ್ದ. ಊಟಕ್ಕೆ ಕೂತಾಗಲೂ ಕಿಟಕಿಯಿಂದ ಅದು ಕಾಣುವ ಕುರ್ಚಿಯೇ ಅವನಿಗೆ ಬೇಕು. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಶೆಡ್ಡಿನಲ್ಲಿ ತಗಡು ಸದ್ದಾದರೆ ಎದ್ದು ಹೋಗುತ್ತಿದ್ದ.

ಹೆಂಡತಿ ತೀರಿಕೊಂಡಾಗ ಅವನ ಒಬ್ಬಳೇ ಮಗಳು ರೇವಿನ್‌ಗೆ ಹದಿನೈದು. ಶಾಲೆ ಬಿಟ್ಟಳು. ಬೆಳಿಗ್ಗೆ ಅಡುಗೆ, ಆಮೇಲೆ ಅಪ್ಪನ ಹಿಂದೆ ಲಾರಿ. ಟ್ಯಾಂಕಿನ ಲಾರಿ ಓಡಿಸಿಕೊಂಡು ಗುಡ್ಡದ ಬುಡಕ್ಕೆ ಹೋಗುವುದು, ಇಂಧನ ತುಂಬುವುದು, ಗಾಜು ಒರೆಸುವುದು, ಮುಳ್ಳುಗುಲಾಬಿ ಪೊದೆಗಳನ್ನು ಒಣಗಿಸಲು ಹೊಡೆಯುವ ಔಷಧಿ ಕಲಸುವುದು. ಚಳಿಗಾಲ ಬಂದರೆ ಮೊಲದ ಕೆಲಸ. ಆ ಸೀಮೆಯ ಮೊಲಗಳು ಗುಡ್ಡಕ್ಕೆ ಗುಡ್ಡವನ್ನೇ ಬೋಳಿಸುತ್ತಿದ್ದವು. ವಿಷ ಬೆರೆಸಿ ಹಸಿರು ಬಣ್ಣ ಹಾಕಿದ ಕ್ಯಾರೆಟ್ ತುಂಡುಗಳನ್ನು ಅವಳು ಸಲಿಕೆಯಿಂದ ಬಕೆಟ್ಟಿಗೆ ತುಂಬಬೇಕು, ಅಪ್ಪ ಅದನ್ನು ಮೇಲಿನಿಂದ ಚೆಲ್ಲಬೇಕು. ಸಂಜೆ ಎಷ್ಟು ತೊಳೆದರೂ ಉಗುರಿನ ಸಂದಿಯ ಹಸಿರು ಹೋಗುತ್ತಿರಲಿಲ್ಲ. ಊರಿನ ಕುಣಿತಕ್ಕೆ ಅವಳು ಕೈಗವಸು ಹಾಕಿಕೊಂಡು ಹೋಗುತ್ತಿದ್ದಳು.

ಹದಿನೆಂಟಕ್ಕೆ ಅವಳು ಅಪ್ಪನನ್ನು ಕೇಳಿದಳು, ನನಗೂ ಹಾರಿಸುವುದು ಕಲಿಸು ಎಂದು. ಅಥಲ್ ಬೈಯಲಿಲ್ಲ, ನಗಲೂ ಇಲ್ಲ. ಟರ್ಬೈನನ್ನು ಹಾರಿಸುವುದು ಕಷ್ಟವಲ್ಲ, ಹೊತ್ತಿಸುವುದು ಕಷ್ಟ ಎಂದ. ಒಂದು ಸಲ ತಪ್ಪಾಗಿ ಹೊತ್ತಿಸಿದರೆ ಎಣಿಸಿ ಐದಾರು ಕ್ಷಣದೊಳಗೆ ಒಳಗಿನ ಚಕ್ರಗಳೆಲ್ಲ ಕರಗಿ, ಒಂದು ಮನೆಯ ಬೆಲೆಯ ಎಂಜಿನ್ ಗುಜರಿಗೆ ಹೋಗುತ್ತದೆ. ಮುಂದಿನ ವರ್ಷ ನೋಡೋಣ ಎಂದ. ಮುಂದಿನ ವರ್ಷವೂ ಹಾಗೇ ಅಂದ. ಅವಳು ಕಾದಳು.

ಕಾಯುತ್ತಿದ್ದಾಗಲೇ ನೆವಿಲ್ ಟೇಟ್ ಬಂದ. ದಕ್ಷಿಣದ ಕಡೆಯವನು, ಗುರಿಗಾರ, ಹಸನ್ಮುಖಿ. ಹೆಲಿಕಾಪ್ಟರಿನ ಬಾಗಿಲಿಲ್ಲದ ಪಕ್ಕಕ್ಕೆ ಒಂದು ಕಾಲು ಇಳಿಬಿಟ್ಟು ಕೂತು, ಓಡುವ ಜಿಂಕೆಯನ್ನು ಒಂದೇ ಗುಂಡಿಗೆ ಬೀಳಿಸುತ್ತಿದ್ದ. ಮುಂದೆ ಜಿಂಕೆಗಳನ್ನು ಜೀವಸಹಿತ ಹಿಡಿದು ಸಾಕುವ ಹುಚ್ಚು ದೇಶಕ್ಕೆಲ್ಲ ಹಿಡಿದಾಗ, ಹಾರುವ ಹೆಲಿಕಾಪ್ಟರಿನಿಂದ ಜಿಂಕೆಯ ಬೆನ್ನ ಮೇಲೆ ಜಿಗಿದು ಅದನ್ನು ನೆಲಕ್ಕೆ ಕೆಡವುತ್ತಿದ್ದವನೂ ಅವನೇ. ಅಥಲ್‌ಗೆ ಅವನೆಂದರೆ ಪ್ರಾಣ. ಮಗಳು ಅವನನ್ನು ಮದುವೆಯಾದಾಗ, ಮಗಳ ಮದುವೆಗಿಂತ ಹೆಚ್ಚಾಗಿ ತನಗೊಬ್ಬ ಮಗ ಹುಟ್ಟಿದ ಸಂತೋಷ ಅವನ ಮುಖದಲ್ಲಿತ್ತು ಎಂದು ಮದುವೆಗೆ ಬಂದವರೇ ಆಡಿಕೊಂಡರು. ಹೆಣ್ಣು ಮಗು ಹುಟ್ಟಿತು, ಡೆಲ್ವಿನ್ ಎಂದು ಹೆಸರಿಟ್ಟರು. ಮಗು ತೊಟ್ಟಿಲಲ್ಲಿ ಇದ್ದ ಆ ಬೇಸಿಗೆಯಲ್ಲಿ ಅಥಲ್ ಅಳಿಯನಿಗೆ ಹೆಲಿಕಾಪ್ಟರ್ ಕಲಿಸಲು ಶುರುಮಾಡಿದ.

ರೇವಿನ್ ಲಾರಿಯ ಮೆಟ್ಟಿಲ ಮೇಲೆ ಮಗುವಿಗೆ ಹಾಲು ಕುಡಿಸುತ್ತ ಅದನ್ನು ನೋಡುತ್ತಿದ್ದಳು. ನೆವಿಲ್ ಕಲಿಯಲು ಉರಿಸುತ್ತಿದ್ದ ಇಂಧನವೆಲ್ಲ ಅವಳು ತುಂಬಿದ್ದು. ಮುಂದಿನ ವರ್ಷ ನೋಡೋಣ ಎಂದಿದ್ದನ್ನು ಒಮ್ಮೆ ಅವಳು ಅಪ್ಪನಿಗೆ ನೆನಪಿಸಿದಳು. ಅಥಲ್ ಸಹಜವಾಗಿ, “ಮನೆಗೊಬ್ರು ಸಾಕಲ್ವೇನಮ್ಮ” ಅಂದ.

ಎಂಜಿನ್ ಸುಟ್ಟ ದಿನ ಜುಲೈ ತಿಂಗಳು, ಆ ಸೀಮೆಯ ನಡುಚಳಿಗಾಲ, ಕಟುವಾದ ಹಿಮ. ಗುಡ್ಡದ ಮೇಲಿನ ಒಂದು ಕುರಿ ಫಾರಮ್ಮಿನಲ್ಲಿ ಮೊಲದ ಕೆಲಸ. ಹೆಲಿಕಾಪ್ಟರ್ ಹಿಂದಿನ ದಿನದಿಂದ ಅಲ್ಲೇ ಬಯಲಲ್ಲಿ ನಿಂತಿತ್ತು. ಫಾರಮ್ಮಿನ ಯಜಮಾನ, ನಾಲ್ಕಾರು ಕುರುಬರು, ಪಕ್ಕದ ತೋಟಗಳಿಂದ ನೋಡಲು ಬಂದವರು ಚಹಾದ ಫ್ಲಾಸ್ಕ್ ಹಿಡಿದು ಸುತ್ತ ನಿಂತಿದ್ದರು. ನೆವಿಲ್‌ಗೆ ಲೈಸೆನ್ಸ್ ಬಂದು ಹೆಚ್ಚು ಕಾಲವಾಗಿರಲಿಲ್ಲ. ಜನರ ಮುಂದೆ ಒಬ್ಬನೇ ಹತ್ತಿ ಕೂತ. ಸ್ಟಾರ್ಟರ್ ಒತ್ತಿದ. ಟರ್ಬೈನ್ ಎಂದಿನಂತೆ ಸಿಳ್ಳೆ ಹಾಕುತ್ತ ಏರಲಿಲ್ಲ, ಮುದುಕ ಮೆಟ್ಟಿಲು ಹತ್ತುವಂತೆ ಗೊಣಗಿತು. ರೆಕ್ಕೆ ಅಲುಗಿದಂತೆ ಮಾಡಿ ನಿಂತಿತು. ಆಗಲೇ ಅವನು ಇಂಧನ ಬಿಟ್ಟ. ಹಿಂದಿನ ಕೊಳವೆಯಿಂದ ಕೆಂಪು ಬೆಂಕಿ ನಾಲಿಗೆ ಚಾಚಿತು, ಒಳಗೆ ಏನೋ ಗುಡುಗಿದಂತಾಯಿತು. ಅಥಲ್ ಮುಚ್ಚು ಮುಚ್ಚು ಎನ್ನುತ್ತ ಓಡಿದ. ಅವನು ತಲುಪುವಷ್ಟರಲ್ಲಿ ಎಲ್ಲ ಮುಗಿದು, ಕಪ್ಪು ಹೊಗೆ ಹಿಮದ ಮೇಲೆ ಹರಿಯುತ್ತಿತ್ತು.

ನೆವಿಲ್ ಕೆಳಗಿಳಿದು ಬಾಯಿ ಒಣಗಿಸಿಕೊಂಡು ನಿಂತ. ಅಥಲ್ ಅವನ ಮುಖ ನೋಡಿದ. ಸುತ್ತ ನಿಂತವರನ್ನು ನೋಡಿದ. ಆಮೇಲೆ ಬ್ಯಾಟರಿಯ ಮುಚ್ಚಳ ತೆಗೆದು ಬಗ್ಗಿ, ಎದ್ದು, ಮಗಳ ಕಡೆ ತಿರುಗಿದ.

“ನಿನ್ನೆ ಬ್ಯಾಟರಿ ಸ್ವಿಚ್ ಆರಿಸದೇ ಹೋಗಿದ್ಯಲ್ಲ, ರೇ.”

“ಆರಿಸಿದ್ದೆ ಅಪ್ಪ.”

“ಆರಿಸಿದ್ರೆ ಬ್ಯಾಟರಿ ಯಾಕೆ ಸತ್ತಿದೆ?”

ಹಿಂದಿನ ಸಂಜೆ ಸ್ವಿಚ್ಚಿನ ಮೇಲಿಟ್ಟ ತನ್ನ ಬೆರಳು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಅಪ್ಪ ಅಷ್ಟು ಜನರ ಮುಂದೆ, ಅಷ್ಟು ಸಮಾಧಾನವಾಗಿ ಹೇಳಿದ ಮೇಲೆ, ಆ ಬೆರಳು ಮೊನ್ನೆಯದೋ ನಿನ್ನೆಯದೋ ಎಂದು ಅನುಮಾನ ಬಂತು. ಅವಳು ತಲೆ ತಗ್ಗಿಸಿದಳು. ತಗ್ಗಿಸಿದ ತಲೆಯನ್ನು ಊರು ನೋಡಿತು, ಅಷ್ಟೇ ಸಾಕಾಯಿತು.

ಎಂಜಿನ್ ಹೊಸದಾಗಿ ಕಟ್ಟಿಸಲು ಆ ವರ್ಷದ ದುಡಿಮೆಯೆಲ್ಲ ಹೋಯಿತು. ಗಂಡ ಹೆಂಡತಿ ಕಟ್ಟಿಸಬೇಕೆಂದಿದ್ದ ಮನೆಯ ಯೋಚನೆ ಅಲ್ಲಿಗೇ ನಿಂತಿತು. ನೆವಿಲ್ ಅದನ್ನೇನೂ ಎತ್ತಿ ಆಡಲಿಲ್ಲ. ದೊಡ್ಡ ಮನಸ್ಸಿನವನಂತೆ, ಯಾರಿಗೂ ಆಗುತ್ತೆ ಬಿಡು ಎಂದ. ಅವನ ಆ ಕ್ಷಮೆಯನ್ನು ಅವಳು ಕೃತಜ್ಞತೆಯಿಂದ ತೆಗೆದುಕೊಂಡಳು. ಅಂಗಡಿಯಲ್ಲಿ, ಕುರಿ ಹರಾಜಿನಲ್ಲಿ, ಡೆಲ್ವಿನ್‌ಳ ಶಾಲೆಯ ಹತ್ತಿರ, “ಒಲೆ ಆರಿಸಿ ಬಂದ್ಯಾ, ರೇ?” ಎಂದು ಕೇಳಿ ನಗುವುದು ಊರಿಗೊಂದು ರೂಢಿಯಾಯಿತು. ಅವಳೂ ನಗುತ್ತಿದ್ದಳು. ಮನೆಯಲ್ಲಿ ಮಾತ್ರ ಹಾಸಿಗೆಯಿಂದ ಎದ್ದು ಹೋಗಿ ದೀಪದ ಸ್ವಿಚ್ಚುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಹಾರಿಸುವುದು ಕಲಿಸು ಎಂದು ಮತ್ತೆ ಕೇಳಲಿಲ್ಲ. ಕೇಳುವ ಬಾಯಿ ಎಲ್ಲಿತ್ತು?

ಕೆಲವು ವರ್ಷಗಳ ಮೇಲೆ ಹೃದಯದ ತೊಂದರೆಯಿಂದ ಅಥಲ್‌ನ ಲೈಸೆನ್ಸ್ ಹೋಯಿತು. ಹೆಲಿಕಾಪ್ಟರನ್ನು ಅಳಿಯನ ಹೆಸರಿಗೆ ಬರೆದುಕೊಟ್ಟ. ಅರ್ಧ ಮಗಳ ಹೆಸರಿಗಿಡಿ ಎಂದು ವಕೀಲ ಸೂಚಿಸಿದಾಗ, ಎಂಜಿನ್ ಸುಟ್ಟವಳ ಹೆಸರು ಕಂಡರೆ ವಿಮೆಯವರು ನಗುತ್ತಾರೆ ಎಂದನಂತೆ. ವಕೀಲನ ಹೆಂಡತಿಯಿಂದ ಅದು ರೇವಿನ್‌ಳ ಕಿವಿಗೆ ಬಿತ್ತು. ಅಳಿಯ ಮಗನಾದ, ಮಗಳು ಆಳಾದಳು. ಮತ್ತೆ ಮೂರು ವರ್ಷಕ್ಕೆ ನೆವಿಲ್ ವಾನಾಕಾದಲ್ಲಿ ಪ್ರವಾಸಿಗರ ವಸತಿಗೃಹ ನಡೆಸುತ್ತಿದ್ದ ಹೆಂಗಸೊಬ್ಬಳ ಜೊತೆ ಇರಲು ಹೋದ, ಹೆಲಿಕಾಪ್ಟರಿನಲ್ಲೇ ಹೋದ. ವಿಚ್ಛೇದನದ ಲೆಕ್ಕದಲ್ಲಿ ರೇವಿನ್‌ಗೆ ಸಣ್ಣ ಹಳೇ ಮನೆಯೂ ಟ್ಯಾಂಕಿನ ಲಾರಿಯೂ ಉಳಿದವು. ಹುಡುಗಿ ಡೆಲ್ವಿನ್ ಡನೀಡನ್ನಿನ ಹಾಸ್ಟೆಲಿಗೆ ಸೇರಿದಳು, ರಜೆಗೂ ಹೆಚ್ಚು ಬರಲಿಲ್ಲ.

ಮೂವತ್ತಾರನೆಯ ವಯಸ್ಸಿನಲ್ಲಿ ರೇವಿನ್ ಆ ಮನೆ ಮಾರಿದಳು. ಇನ್ವರ್‌ಕಾರ್ಗಿಲ್‌ನ ಬಯಲಿನಲ್ಲಿ ಒಂದು ಕ್ಯಾರವಾನಿನೊಳಗೆ ಇದ್ದುಕೊಂಡು ಹಾರಾಟದ ಕ್ಲಬ್ಬಿಗೆ ಸೇರಿದಳು. ಏಕೆ ಎಂದು ಕೇಳಿದವರಿಗೆ ಸರಿಯಾದ ಉತ್ತರ ಕೊಡಲಿಲ್ಲ. ಸೇಡಿಗೆಂದು ಜನ ಅಂದುಕೊಂಡರು. ಇಪ್ಪತ್ತು ವರ್ಷ ಕೆಳಗೆ ನಿಂತು ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ಸೋತಿತ್ತು ಎಂಬುದು ಹೆಚ್ಚು ನಿಜ. ಪುಟ್ಟ ಪಿಸ್ಟನ್ ಹೆಲಿಕಾಪ್ಟರಿನಲ್ಲಿ ಮೊದಲ ಪಾಠ. ಎಡಗೈಯ ಸನ್ನೆಗೋಲು ಎತ್ತಿದರೆ ಮೂತಿ ತಿರುಗುತ್ತದೆ, ಮೂತಿಯನ್ನು ಕಾಲಿನಿಂದ ಸರಿಮಾಡಿದರೆ ಬಲಗೈ ಜಾರುತ್ತದೆ. ಒಂದೇ ಕಡೆ ಗಾಳಿಯಲ್ಲಿ ನಿಲ್ಲಿಸಲು ಕಲಿಯುವ ಹೊತ್ತಿಗೆ ಅಂಗಿ ಒದ್ದೆಯಾಗುತ್ತಿತ್ತು. ತನಗಿಂತ ಹದಿನೈದು ವರ್ಷ ಚಿಕ್ಕವರ ಸಾಲಿನಲ್ಲಿ ಕೂತು ಹವಾಮಾನ, ಕಾನೂನು ಎಲ್ಲ ಓದಿದಳು. ಎರಡು ಸಲ ಪರೀಕ್ಷೆ ತಪ್ಪಿದಳು. ಲೈಸೆನ್ಸ್ ಬಂತು. ಆದರೆ ಗುಡ್ಡದ ಕೆಲಸಕ್ಕೆ ಟರ್ಬೈನ್ ಬೇಕು, ಟರ್ಬೈನಿಗೆ ಬೇರೆಯೇ ತರಬೇತಿ ಬೇಕು.

ಅದಕ್ಕೆ ಅವಳು ಹೋದದ್ದು ಕ್ರಾಮ್‌ವೆಲ್‌ನ ಡಗಲ್ ಫ್ರೂ ಬಳಿ. ಅಥಲ್‌ನ ಕಾಲದ ಪೈಲಟ್, ಜಿಂಕೆಯ ದಿನಗಳಲ್ಲಿ ಅಥಲ್‌ನ ಬದ್ಧ ವೈರಿ. ಒಂದು ಕಣಿವೆಗಾಗಿ ಇಬ್ಬರೂ ಬಂದೂಕು ತೋರಿಸಿಕೊಂಡವರು. ಈಗ ಅವನ ಹತ್ತಿರ ಐದು ಸೀಟಿನ ಒಂದು ಹಳೇ ಟರ್ಬೈನ್ ಹೆಲಿಕಾಪ್ಟರ್ ಇತ್ತು, ಗಂಟೆಯ ಬಾಡಿಗೆಗೆ ಕೊಡುತ್ತಿದ್ದ. ಮುಚ್ಚುಮರೆಯಿಲ್ಲದ ಮುದುಕ. “ನಿಮ್ಮಪ್ಪನ ಹೊಟ್ಟೆ ಉರೀಲಿ ಅಂತ್ಲೇ ಕಲಿಸ್ತೀನಿ ಕಣಮ್ಮ, ಬೇರೆ ಪ್ರೀತಿ ಏನಿಲ್ಲ” ಎಂದ. ಅವಳಿಗೆ ಅಷ್ಟು ಸಾಕಾಗಿತ್ತು.

ಮೊದಲ ದಿನ ಅವನು ಹಾರಿಸಲು ಬಿಡಲಿಲ್ಲ. ಶೆಡ್ಡಿನ ಮುಂದೆ ಕೂರಿಸಿ ಹೊತ್ತಿಸುವ ಪಾಠ ಹೇಳಿದ. ಸ್ಟಾರ್ಟರ್ ಒತ್ತಿ ಹಿಡಿ. ಈ ಮುಳ್ಳು ನೋಡು, ಟರ್ಬೈನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುತ್ತದೆ. ಇದು ಈ ಗೆರೆ ದಾಟುವವರೆಗೆ ಇಂಧನ ಬಿಡಕೂಡದು. ಗಾಳಿ ಸಾಕಷ್ಟು ಒಳಗೆ ಬಂದಿರದಿದ್ದರೆ ಬೆಂಕಿ ಎಂಜಿನ್ನನ್ನೇ ತಿನ್ನುತ್ತದೆ. ಬಿಟ್ಟ ಮೇಲೂ ಶಾಖದ ಮುಳ್ಳಿನಿಂದ ಕಣ್ಣು ತೆಗೆಯಬೇಡ, ಕೆಂಪಿಗೆ ಓಡಿದರೆ ತಕ್ಷಣ ಮುಚ್ಚು.

ರೇವಿನ್ ಕೇಳಿದಳು, ಬ್ಯಾಟರಿ ಸತ್ತಿದ್ದರೆ?

“ಸತ್ತಿದ್ರೆ ಮುಳ್ಳು ಮೇಲೇಳಲ್ಲ. ಮೇಲೇಳ್ದಿದ್ರೆ ನೀನು ಇಂಧನ ಬಿಡಲ್ಲ. ಕೆಳಗಿಳಿದು ಟೀ ಕುಡೀತೀಯ, ಅಷ್ಟೇ.”

“ಹಾಗಾದ್ರೆ ಬ್ಯಾಟರಿ ಸತ್ತಿದ್ದಕ್ಕೆ ಎಂಜಿನ್ ಸುಡಲ್ವಾ?”

ಡಗಲ್ ಅವಳ ಕಡೆ ತಿರುಗಿದ. ಆ ಕಥೆ ಅವನಿಗೂ ಗೊತ್ತಿತ್ತು. “ಬ್ಯಾಟರಿ ಯಾವತ್ತೂ ಎಂಜಿನ್ ಸುಟ್ಟಿಲ್ಲ, ಹುಡುಗಿ. ಸುಡೋದು ಕೈ. ಪೈಲಟ್ ಕೈ. ಇದು ನಿಮ್ಮಪ್ಪನಿಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ?”

ಆ ದಿನ ಸ್ವಿಚ್ ಆರಿಸಿದ್ದಳೋ ಇಲ್ಲವೋ, ಅದು ಲೆಕ್ಕಕ್ಕೇ ಇರಲಿಲ್ಲ. ಹತ್ತು ವರ್ಷ ಅವಳು ತನ್ನೊಳಗೆ ಹುಡುಕಿದ್ದು ಇಲ್ಲದ ಗಾಯವನ್ನು. ಡಗಲ್ ಪಾಠ ಮುಂದುವರಿಸಿದ. ಅವಳು ಸ್ಟಾರ್ಟರ್ ಒತ್ತಿ, ಮುಳ್ಳು ಗೆರೆ ದಾಟುವವರೆಗೆ ಕಾದು, ಇಂಧನ ಬಿಟ್ಟಳು. ಎಂಜಿನ್ ಸುಗಮವಾಗಿ ಹೊತ್ತಿಕೊಂಡಿತು. ಅಳು ಬಂತು, ಆದರೆ ಕಣ್ಣು ಮುಳ್ಳಿನ ಮೇಲೇ ಇಟ್ಟಳು.

ಆ ಭಾನುವಾರ ಅವಳು ಅಪ್ಪನನ್ನು ನೋಡಲು ಅಲೆಕ್ಸಾಂಡ್ರಾಗೆ ಹೋದಳು. ಅಥಲ್ ಆಗ ಪುರಸಭೆಯವರು ವಯಸ್ಸಾದವರಿಗೆಂದು ಕಟ್ಟಿಸಿದ ಒಂದು ಕೋಣೆಯ ಮನೆಯಲ್ಲಿದ್ದ. ಕುರಿಮಾಂಸದ ಪೈ ಬಿಸಿಮಾಡಿ ಕೊಟ್ಟಳು. ಅವನು ತಿನ್ನುವವರೆಗೂ ಕಾದು ಕೇಳಿದಳು. ಸುಳ್ಳು ಹೇಳುತ್ತಾನೆ, ಇಲ್ಲವೆ ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಅವನು ಎರಡೂ ಮಾಡಲಿಲ್ಲ.

“ಗೊತ್ತಿತ್ತು. ಹೊಗೆ ನೋಡಿದ ಕ್ಷಣಾನೇ ಗೊತ್ತಿತ್ತು.”

“ಮತ್ತೆ ನನ್ನ ಹೆಸರು ಯಾಕೆ ಹೇಳ್ದೆ ಅಪ್ಪ?”

“ಅಷ್ಟು ಜನ ನಿಂತಿದ್ರಲ್ಲ. ಪೈಲಟ್ ಎಂಜಿನ್ ಸುಟ್ಟ ಅಂದ್ರೆ ಅವನಿಗೆ ಈ ಸೀಮೇಲಿ ಯಾರು ಕೆಲಸ ಕೊಡ್ತಿದ್ರು? ಹೆಂಡತಿ ಮಗು ಇದ್ದೋನು. ಅವರ ಹೊಟ್ಟೇನೂ ನೋಡ್ಬೇಕಿತ್ತಲ್ಲ.”

“ಆ ಹೆಂಡತಿ ನಾನೇ ಅಲ್ವಾ?”

ಅಥಲ್ ಬಟ್ಟೆಯಿಂದ ಬಾಯಿ ಒರೆಸಿಕೊಂಡ. “ಹೂಂ, ನಿನಗೋಸ್ಕರಾನೇ ಮಾಡಿದ್ದು ಅಂದ್ಕೋ. ನೀನೇನು ಹಾರಿಸೋಳಾಗಿದ್ಯಾ? ನಿನಗೆ ಹೆಸರು ಯಾಕೆ ಬೇಕಿತ್ತು?” ಎಂದ. ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಎಂಬುದೇ ಅವಳಿಗೆ ಹೆಚ್ಚು ನೋವಾಯಿತು. ಪೈ ತಿಂದ ತಟ್ಟೆ ತೊಳೆದಿಟ್ಟು ಹೊರಟಳು.

ಟರ್ಬೈನಿನ ಲೈಸೆನ್ಸ್ ಕೈಗೆ ಬಂದ ಮೇಲೆ ಡಗಲ್‌ನ ಹೆಲಿಕಾಪ್ಟರನ್ನೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಕೆಲಸ ಹುಡುಕಿದಳು. ಬಾಡಿಗೆಯ ಯಂತ್ರ ಎಂದರೆ ಬೇರೆಯವರ ಮನೆಯಲ್ಲಿ ಉಂಡಂತೆ. ಹೊಟ್ಟೆ ತುಂಬಿದರೂ ಕೈ ನಿಧಾನ. ಗಡಿಯಾರ ನೋಡುತ್ತಲೇ ಹಾರಿಸಬೇಕು, ಹೊರಗೆ ಮೋಡ ಕವಿದರೂ ಒಳಗೆ ಬಾಡಿಗೆ ಓಡುತ್ತಿರುತ್ತದೆ. ಒಳ್ಳೆಯ ಕೆಲಸವೆಂದರೆ ಚೆರ್ರಿ ತೋಟಗಳದು. ಅಲ್ಲಿನ ಬೇಸಿಗೆಯ ಡಿಸೆಂಬರಿನಲ್ಲಿ ಹಣ್ಣು ಕೆಂಪೇರಿದ ಹೊತ್ತಿಗೆ ಮಳೆ ಬಿದ್ದರೆ, ಹಣ್ಣಿನ ತೊಟ್ಟಿನ ಗುಳಿಯಲ್ಲಿ ನೀರು ನಿಂತು ಸಿಪ್ಪೆ ಬಿರಿಯುತ್ತದೆ. ಮಳೆ ನಿಂತ ಕೂಡಲೇ ಹೆಲಿಕಾಪ್ಟರನ್ನು ಮರಗಳ ತಲೆಯ ಮೇಲೆ ನಿಧಾನ ಓಡಿಸಿ ಆ ಗಾಳಿಯಿಂದ ನೀರು ಕೊಡವಬೇಕು. ಕೆಳಗಾದರೆ ಕೊಂಬೆ ಮುರಿಯುತ್ತದೆ, ಮೇಲಾದರೆ ನೀರು ಹೋಗುವುದಿಲ್ಲ. ವರ್ಷದ ಬೆಳೆ ಪೈಲಟನ ಕೈಯಲ್ಲಿ.

ಕಣಿವೆಯ ದೊಡ್ಡ ಚೆರ್ರಿ ತೋಟ ರೆಕ್ಸ್ ಪಾರ್ಸೆಲ್‌ನದು. ಎಂಜಿನ್ ಸುಟ್ಟ ದಿನ ಫ್ಲಾಸ್ಕ್ ಹಿಡಿದು ನಿಂತಿದ್ದವರಲ್ಲಿ ಅವನೂ ಒಬ್ಬ. ರೇವಿನ್ ಹೋಗಿ ಕೇಳಿದಾಗ ಕೂರಿಸಿ ಸ್ಕೋನ್ ಬನ್ನು ಕೊಟ್ಟ, ಟೀ ಕೊಟ್ಟ, ಡೆಲ್ವಿನ್ ಹೇಗಿದ್ದಾಳೆಂದು ವಿಚಾರಿಸಿದ, ಕೆಲಸ ಮಾತ್ರ ಕೊಡಲಿಲ್ಲ. ಆ ದಿನ ಅಲ್ಲಿ ನಿಜಕ್ಕೂ ಏನಾಯಿತು ಎಂದು ಅವಳು ಹೇಳಲು ಹೊರಟಳು. ರೆಕ್ಸ್ ಕೈಯೆತ್ತಿ ತಡೆದ. “ಬಿಡು ರೇ. ಗಂಡ ಬಿಟ್ಹೋದ ಮೇಲೆ ಎಲ್ರೂ ಹಾಗೇ ಹೇಳ್ತಾರೆ.” ಅವನ ಚೆರ್ರಿ ಒಣಗಿಸಲು ವಾನಾಕಾದಿಂದ ನೆವಿಲ್ ಬರುತ್ತಿದ್ದ. ಅವಳಿಗೆ ಸಿಕ್ಕಿದ್ದು ಯಾರೂ ಒಲ್ಲದ ಕೆಲಸಗಳು: ಮೊಲದ ಕ್ಯಾರೆಟ್, ಕಡಿದಾದ ಗುಡ್ಡಗಳ ಮುಳ್ಳುಪೊದೆ, ಹಿಮದಲ್ಲಿ ಸಿಕ್ಕಿದ ಕುರಿಗಳಿಗೆ ಹುಲ್ಲು ಹೊರುವುದು. ಎಲ್ಲವನ್ನೂ ಮಾಡಿದಳು. ಕಾರಣ ಹೇಳಿ ಬಿಟ್ಟದ್ದು ಒಂದೂ ಇಲ್ಲ.

ಡಗಲ್‌ಗೆ ಕೈ ನಡುಕ ಶುರುವಾದಾಗ ಹೆಲಿಕಾಪ್ಟರನ್ನು ಕೊಳ್ಳುತ್ತೀಯಾ ಎಂದು ಮೊದಲು ಅವಳನ್ನೇ ಕೇಳಿದ. ಲಾರಿ, ಕ್ಯಾರವಾನ್, ಮುಂದಿನ ಎಷ್ಟೋ ವರ್ಷಗಳ ದುಡಿಮೆ ಎಲ್ಲವನ್ನೂ ಬ್ಯಾಂಕಿಗೆ ಒತ್ತೆಯಿಟ್ಟು ಕೊಂಡಳು. ಪತ್ರಕ್ಕೆ ಸಹಿ ಬಿದ್ದ ದಿನ ಅದನ್ನು ಹಾರಿಸಿಕೊಂಡು ನೇರ ಅಲೆಕ್ಸಾಂಡ್ರಾಗೆ ಹೋಗಿ, ಅಪ್ಪನ ಮನೆಯ ಹಿಂದಿನ ಆಟದ ಮೈದಾನದಲ್ಲಿ ಇಳಿಸಿದಳು. ಏನು ಬಯಸಿ ಹೋದಳೋ ಅವಳಿಗೂ ಗೊತ್ತಿರಲಿಲ್ಲ. ಅಥಲ್ ಕೋಲೂರಿಕೊಂಡು ಬಂದ. ಸುತ್ತ ಒಂದು ಸುತ್ತು ಬಂದು, ಬಾಲದ ರೆಕ್ಕೆ ಅಲುಗಿಸಿ ನೋಡಿ, ಸವೆದಿದೆ ಎಂದ. ಸುತ್ತಾಡಿಸುತ್ತೇನೆ ಬಾ ಎಂದಳು. ಮುದುಕನ ಮುಖ ಅರಳಿತು. ಹತ್ತಿ ಪಟ್ಟಿ ತಾನೇ ಬಿಗಿದುಕೊಂಡ, ಹತ್ತು ವರ್ಷ ಚಿಕ್ಕವನಾದಂತೆ ಕಂಡ.

ಅವಳು ಬಲಗಡೆಯ ಪೈಲಟ್ ಸೀಟಿನಲ್ಲಿ ಕೂತು ಸ್ಟಾರ್ಟರ್ ಒತ್ತಿದಳು. ಟರ್ಬೈನ್ ಸಿಳ್ಳೆ ಹಾಕಿತು, ಮುಳ್ಳು ಏರತೊಡಗಿತು. ಇಂಧನದ ಹಿಡಿ ತಿರುಗಿಸಲು ಅವಳ ಎಡಗೈ ಸಿದ್ಧವಾಗಿತ್ತು. ಅದರ ಮೇಲೆ ಅಪ್ಪನ ಕೈ ಬಂದು ಕೂತಿತು. ಸಣ್ಣ ಮಗು ಕತ್ತರಿ ಹಿಡಿದಾಗ ದೊಡ್ಡವರು ಮೇಲೆ ಕೈಯಿಟ್ಟು ಬಿಗಿಹಿಡಿಯುತ್ತಾರಲ್ಲ, ಹಾಗೆ.

“ಕೈ ತೆಗಿ ಅಪ್ಪ.”

“ತಡಿ, ತಡಿ. ಇನ್ನೂ ಏರ್ಲಿ. ನಾನು ಹೇಳ್ತೀನಿ.”

ಅವಳು ಸ್ಟಾರ್ಟರ್ ಬಿಟ್ಟಳು. ಸಿಳ್ಳೆ ಇಳಿದು ಇಳಿದು ನಿಂತಿತು. ಅಪ್ಪ ಕೈ ತೆಗೆಯುವವರೆಗೂ ಕಾದಳು. ಆಮೇಲೆ ಇಳಿದು, ಅವನ ಕಡೆಯ ಬಾಗಿಲು ತೆಗೆದು, ಪಟ್ಟಿ ಬಿಚ್ಚಿ, ತೋಳು ಹಿಡಿದು ಕೆಳಗಿಳಿಸಿದಳು. ಅವನಿಗೆ ಅರ್ಥವಾಗಲಿಲ್ಲ. ಗಾಳಿ ಜಾಸ್ತಿಯಿದೆ, ಇನ್ನೊಂದು ದಿನ ಎಂದಳು. ಆ ಇನ್ನೊಂದು ದಿನ ಬರಲಿಲ್ಲ. ಆ ಚಳಿಗಾಲದಲ್ಲೇ ಅಥಲ್ ಹೋದ. ಕುರ್ಚಿಯ ಮೇಲೆ ಕೂತಂತೇ ಹೋಗಿದ್ದನಂತೆ, ಪಕ್ಕದ ಮನೆಯ ಮುದುಕಿ ನೋಡಿದ್ದು. ಹಾರಿಸಬಹುದಿತ್ತು, ಮುದುಕನ ಕೈಯೊಂದು ಮೇಲಿದ್ದರೇನಾಗುತ್ತಿತ್ತು ಎಂದು ರೇವಿನ್‌ಗೆ ಆಗಾಗ ಅನ್ನಿಸುತ್ತದೆ. ತನ್ನಿಂದ ಆಗುತ್ತಿರಲಿಲ್ಲ ಎಂದೂ ಅನ್ನಿಸುತ್ತದೆ.

ಮಣ್ಣಿಗೆ ಬಂದವರಲ್ಲಿ ನೆವಿಲ್ ಇದ್ದ. ಎಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ. ಮೈ ಇಳಿದಿತ್ತು, ಕೋಟು ದೊಗಳೆಯಾಗಿತ್ತು. ಎಂಜಿನ್, ರೆಕ್ಕೆ, ಗೇರು ಎಲ್ಲದಕ್ಕೂ ಇಷ್ಟು ಗಂಟೆ ಎಂಬ ಆಯುಸ್ಸಿದೆ. ಅವನ ಹೆಲಿಕಾಪ್ಟರಿನಲ್ಲಿ ಎಲ್ಲವೂ ಒಟ್ಟಿಗೆ ಮುಗಿದು, ಹೊಸದು ಹಾಕಿಸಲಾಗದೆ ಬಿಡಿಭಾಗಗಳ ಬೆಲೆಗೆ ಅದನ್ನು ಮಾರಿದ್ದ. ವಸತಿಗೃಹದವಳೂ ಬಾಗಿಲು ತೋರಿಸಿದ್ದಳು. ಮುಂದಿನ ತಿಂಗಳು ಅವನು ರೇವಿನ್‌ಳ ಶೆಡ್ಡಿಗೆ ಬಂದು ಕೆಲಸ ಕೇಳಿದ. ಸಣ್ಣ ತೋಟಗಳು ಕರೆಯತೊಡಗಿದ್ದರಿಂದ ಅವಳಿಗೂ ಚೆರ್ರಿ ಕಾಲಕ್ಕೆ ಇನ್ನೊಬ್ಬ ಪೈಲಟ್ ಬೇಕಿತ್ತು, ಕಣಿವೆಯ ಮೇಲೆ ಕೆಳಗೆ ಒಬ್ಬಳೇ ಓಡಾಡಿ ಸಾಕಾಗಿತ್ತು. ಒಂದು ಷರತ್ತು ಹಾಕಿದಳು. ಶನಿವಾರ ಬಾರಿನಲ್ಲಿ ಎಲ್ಲರೂ ಇದ್ದಾಗ, ಎಂಜಿನ್ ಸುಟ್ಟದ್ದು ಯಾರು ಎಂದು ಅವನ ಬಾಯಿಂದಲೇ ಹೇಳಬೇಕು.

ಅವನು ಸಂಕಟಪಡಬಹುದು, ಬೇಡಿಕೊಳ್ಳಬಹುದು ಎಂದು ಅವಳು ಎಣಿಸಿದ್ದಳು. ನೆವಿಲ್ ಒಂದು ಕ್ಷಣ ಯೋಚಿಸಿ, “ಅದಾ? ಹೇಳ್ತೀನಿ ಬಿಡು” ಎಂದ.

ಹೇಳಿದ್ದೂ ಹೇಳಿದ. ಬಿಯರಿನ ಗ್ಲಾಸ್ ಮೇಲೆತ್ತಿ, ಆವತ್ತು ಕುರಿ ಫಾರಮ್ಮಿನಲ್ಲಿ ಎಂಜಿನ್ ಸುಟ್ಟಿದ್ದು ನಾನೇ ಕಣ್ರಪ್ಪ, ರೇ ಅಲ್ಲ, ಅವಳದು ಏನೂ ತಪ್ಪಿರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಟೀವಿಯಲ್ಲಿ ರಗ್ಬಿ ನಡೆಯುತ್ತಿತ್ತು. ಒಬ್ಬ ಯಾವ ಎಂಜಿನ್ ಎಂದ. ಅಂದು ನೋಡಿದ್ದವರಲ್ಲಿ ಅರ್ಧ ಜನ ಸತ್ತಿದ್ದರು, ಕೆಲವರು ತೋಟ ಮಾರಿ ಹೋಗಿದ್ದರು. ಉಳಿದವರಲ್ಲಿ ರೆಕ್ಸ್ ಪಾರ್ಸೆಲ್, ಮಾಜಿ ಹೆಂಡತಿಯ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವವನು ಗಂಡಸು ಎಂದು ನೆವಿಲ್‌ನ ಬೆನ್ನು ತಟ್ಟಿ ಇನ್ನೊಂದು ಬಿಯರ್ ಕೊಡಿಸಿದ. ರೇವಿನ್ ಬಾಗಿಲ ಹತ್ತಿರ ಕೋಟು ಬಿಚ್ಚದೇ ನಿಂತಿದ್ದಳು. ನೆವಿಲ್ ಅವಳ ಕಡೆ ನೋಡಿ, ಹೇಳಿದೆನಲ್ಲ ಎಂಬಂತೆ ಭುಜ ಹಾರಿಸಿದ. ಅವನ ಮೇಲೆ ತಪ್ಪು ಹೊರಿಸುವುದಕ್ಕೂ ಏನೂ ಉಳಿದಿರಲಿಲ್ಲ. ಮಾತು ಕೊಟ್ಟಿದ್ದಳು, ಕೆಲಸ ಕೊಟ್ಟಳು.

ಅವನು ಚೆನ್ನಾಗಿಯೇ ಹಾರಿಸಿದ. ತೋಟದವರ ಜೊತೆ ನಕ್ಕು ಮಾತಾಡುತ್ತಿದ್ದ, ಅವರ ನಾಯಿಗಳ ಹೆಸರೂ ಅವನಿಗೆ ಗೊತ್ತಿತ್ತು. ಹಿಂದೆ ಕೈಗೆಟುಕದ ತೋಟಗಳೆಲ್ಲ ಆ ವರ್ಷ ಅವಳ ಫೋನಿಗೆ ಕರೆ ಮಾಡಿದವು, ನೆವಿಲ್‌ನನ್ನು ಕಳಿಸು ಎಂದು. ಹೆಲಿಕಾಪ್ಟರ್ ಅವಳದು, ಒತ್ತೆ ಅವಳದು, ಬಾಗಿಲ ಮೇಲೆ ಬರೆದ ಹೆಸರು ಅವಳದು. ಕಣಿವೆಯಲ್ಲಿ ಜನ ಅದನ್ನು ನೆವ್‌ನ ಹೆಲಿಕಾಪ್ಟರ್ ಎನ್ನುತ್ತಿದ್ದರು.

ಕ್ರಿಸ್‌ಮಸ್‌ಗೆ ಮುಂಚಿನ ವಾರ ಎರಡು ದಿನ ಮಳೆ ಬಿಟ್ಟು ಬಿಟ್ಟು ಸುರಿದು, ಮೂರನೆಯ ಮಧ್ಯಾಹ್ನ ಪೂರ್ತಿ ನಿಂತಿತು. ರೆಕ್ಸ್‌ನ ತೋಟದಿಂದ ಕರೆ ಬಂತು. ನೆವಿಲ್ ಬೆಳಗಿನಿಂದ ಬೇರೆ ತೋಟಗಳಲ್ಲಿ ಹಾರಿಸಿ ದಿನಕ್ಕೆ ಕಾನೂನು ಒಪ್ಪುವ ಅವನ ಹಾರಾಟದ ಗಂಟೆಗಳು ಮುಗಿದಿದ್ದವು. ರೇವಿನ್ ತಾನೇ ಹೋದಳು. ಸಾಲಿನ ಮೇಲೆ ಸಾಲು, ನಡೆಯುವ ವೇಗದಲ್ಲಿ, ಎಲೆಗಳು ಬೆಳ್ಳಗೆ ಮಗುಚಿ ನೀರು ಮಂಜಿನಂತೆ ಏಳುವಷ್ಟೇ ಎತ್ತರದಲ್ಲಿ ಓಡಿಸಿದಳು. ಒಂದು ಕೊಂಬೆ ಮುರಿಯಲಿಲ್ಲ. ಕೊನೆಯ ಸಾಲು ಮುಗಿದಾಗ ಬಿಸಿಲು ಬಂದಿತ್ತು. ರೆಕ್ಸ್‌ನ ಶೆಡ್ಡಿನ ಪಕ್ಕ ಇಳಿಸಿ, ಎಂಜಿನ್ ತಣಿಯಲು ನಿಧಾನಗತಿಯಲ್ಲಿ ಬಿಟ್ಟು, ಆಮೇಲೆ ಇಂಧನ ಮುಚ್ಚಿದಳು.

ರೆಕ್ಸ್ ಟೋಪಿ ಒತ್ತಿಹಿಡಿದು, ನೆವ್, ನೆವ್ ಎನ್ನುತ್ತ ನಗುನಗುತ್ತಾ ಬಂದ. ಅವಳು ಹೆಲ್ಮೆಟ್ ತೆಗೆದಾಗ ನಿಂತ. ಮರಗಳ ಕಡೆ ಒಮ್ಮೆ ನೋಡಿದ, ಒಂದು ಗೊಂಚಲು ಹಣ್ಣು ಕೈಯಲ್ಲಿ ಹಿಡಿದು ತಿರುಗಿಸಿದ. ಮೆಚ್ಚಿಗೆ ನಿಜವಾದದ್ದೇ ಇತ್ತು.

“ಚೆನ್ನಾಗಿ ಒಣಗಿಸಿದ್ದೀಯ ರೇ. ಒಂದೂ ಬಿರಿದಿಲ್ಲ. ನೆವ್ ಕಲಿಸಿಕೊಟ್ನಾ?”

“ಇಲ್ಲ” ಎಂದಳು ರೇವಿನ್. ರೆಕ್ಕೆಗಳು ಇನ್ನೂ ಪೂರ್ತಿ ನಿಂತಿರಲಿಲ್ಲ. ಅವನಿಗೆ ಸ್ವಲ್ಪ ದೂರ ಸರಿದು ನಿಲ್ಲಲು ಹೇಳಿ, ಇಂಧನದ ಕೊಳವೆ ಎಳೆಯಲು ಲಾರಿಯ ಕಡೆ ಹೋದಳು. ನದಿಯಾಚೆಯ ತೋಟದವರು ಕಾಯುತ್ತಿದ್ದರು.